ಹೊಟ್ಟು ತುಂಬಿದ ಕರು

ನಮ್ಮ ಮನೆಯಲ್ಲಿ ಸಾಕುಪ್ರಾಣಿ ಎಂಬುದಿರಲಿಲ್ಲ. ದನಗಳಿದ್ದವು, ನಾವಿದ್ದೆವು, ನಡುವೆ ಒಂದೂವರೆ ಮೊಳ ಎತ್ತರದ ಕಟ್ಟೆ ಇತ್ತು. ದಿಗ್ಗೇವಾಡಿಯ ಹಳೆಯ ಮನೆಗಳು ಹೆಚ್ಚಾಗಿ ಹೀಗೆಯೇ. ಹೊಸ್ತಿಲು ದಾಟಿದರೆ ಮೊದಲು ದನದ ಅಂಕಣ, ಅದನ್ನು ಹಾದು ಮೆಟ್ಟಿಲೇರಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ದೇವರ ಜಗಲಿ, ಎಡಕ್ಕೆ ಕಿಟಕಿಯಿಲ್ಲದ ಕಾಳಿನ ಕೋಣೆ. ಬೀಗರೇ ಬರಲಿ, ಸಾಲಿ ಮಾಸ್ತರರೇ ಬರಲಿ, ದನಗಳ ಬಾಲದ ಹಿಂದಿನಿಂದಲೇ ಒಳಗೆ ಬರಬೇಕು. ನಾವು ಸಾಲಾಗಿ ಕೂತು ರೊಟ್ಟಿ ಮುರಿಯುವಾಗ ಕಟ್ಟೆಯ ಆಚೆ ಅವು ಮೆಲುಕು ಹಾಕುತ್ತಿದ್ದವು. ಮಾತು ನಿಂತರೆ ಯಾರ ದವಡೆಯ ಸದ್ದು ಯಾವುದು ಎಂದು ಹೇಳುವುದು ಕಷ್ಟವಾಗುತ್ತಿತ್ತು. ಬೆಳಕು ಬರುತ್ತಿದ್ದದ್ದು ಮಾಳಿಗೆಗೆ ಕೊರೆದ ಬೆಳಕಿಂಡಿಯಿಂದ ಮಾತ್ರ. ಮಧ್ಯಾಹ್ನ ಅದು ಬಿಳಿ ಕಂಬದ ಹಾಗೆ ಇಳಿದು ಚಂದ್ರಿಯ ಬೆನ್ನಿನ ಮೇಲೆ ನಿಲ್ಲುತ್ತಿತ್ತು.

ಚಂದ್ರಿ ನಮ್ಮ ಎಮ್ಮೆ. ಪಂಢರಪುರಿ ತಳಿ, ಕೋಡುಗಳು ಕತ್ತಿಯಂತೆ ಹಿಂದಕ್ಕೆ ಬಾಗಿ ಭುಜ ದಾಟಿ ಹೋಗಿದ್ದವು. ತಲೆ ಹೊರಳಿಸುವ ಮೊದಲು ಕಂಬಕ್ಕೆ ತಾಗೀತೇ ಎಂದು ಅಳೆದುಕೊಂಡು, ನಿಧಾನವಾಗಿ ಹೊರಳಿಸುತ್ತಿದ್ದಳು. ಹಾಗಾಗಿ ಅವಳು ಯಾರನ್ನಾದರೂ ನೋಡಿದಳೆಂದರೆ ಯೋಚಿಸಿ ನೋಡಿದಂತಿರುತ್ತಿತ್ತು. ನಾನು ಸಾಲಿಯಿಂದ ಬಂದ ಕೂಡಲೇ ಅವಳ ಗ್ವಾದಲಿಯಲ್ಲಿ, ಎಂದರೆ ಮೇವು ಹಾಕುವ ತೊಟ್ಟಿಯಲ್ಲಿ, ಕಾಲು ಇಳಿಬಿಟ್ಟು ಕೂತು ಪಾಠ ಓದುತ್ತಿದ್ದೆ. ಮಗ್ಗಿ ತಪ್ಪಿದಾಗ ಅವಳು ಉಸಿರು ಬಿಡುತ್ತಿದ್ದಳೆಂದು ನನಗೆ ನೆನಪು. ಹಾಗೆ ನೆನಪಿದೆ ಎಂಬುದಷ್ಟೇ ಸತ್ಯ. ನಾನು ಮನೋವಿಜ್ಞಾನ ಕಲಿತವನು, ಚಿಕ್ಕೋಡಿಯಿಂದ ಧಾರವಾಡದವರೆಗೆ ನಾಲ್ಕು ಕಾಲೇಜುಗಳಲ್ಲಿ ಕಲಿಸಿದವನು, ಎಲ್ಲಿಯೂ ಬಹಳ ದಿನ ನಿಲ್ಲದವನು. ನಾವು ಪ್ರತಿ ಸಲ ನೆನೆಯುವಾಗಲೂ ನೆನಪನ್ನು ಹೊಸದಾಗಿ ಹೊಲಿಯುತ್ತೇವೆ, ಹಳೆಯ ದಾರ ಯಾವುದು ಹೊಸದು ಯಾವುದು ಎಂದು ಹೊಲಿದವನಿಗೇ ತಿಳಿಯುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ನಾನೀಗ ಬರೆಯುತ್ತಿರುವ ನೆನಪಿನ ಪುಸ್ತಕದ ಈ ಅಧ್ಯಾಯಕ್ಕೂ ಅದೇ ಮಾತು ಅನ್ವಯಿಸುತ್ತದೆ.

ನನ್ನ ಕಪಾಟಿನಲ್ಲಿ ಮನುಷ್ಯರು ಮತ್ತು ಪ್ರಾಣಿಗಳ ಬಗೆಗಿನ ಪುಸ್ತಕಗಳೇ ಎರಡು ಸಾಲು ಇವೆ. ಹೆಚ್ಚಿನವು ನಾಯಿಯ ಮೇಲೆ, ಕೆಲವು ಬೆಕ್ಕಿನ ಮೇಲೆ, ಒಂದು ಗಿಳಿಯ ಮೇಲೆ. ಅವುಗಳಲ್ಲಿ ಪ್ರಾಣಿ ಮನುಷ್ಯನನ್ನು ನಂಬುತ್ತದೆ, ಮನುಷ್ಯ ನಿಧಾನವಾಗಿ ಆ ನಂಬಿಕೆಗೆ ತಕ್ಕವನಾಗುತ್ತಾನೆ. ನಾನು ಆ ಪುಸ್ತಕಗಳಲ್ಲಿ ಹುಡುಕುತ್ತಿದ್ದದ್ದು ಬೇರೆ. ನಮ್ಮ ಮನೆಯಲ್ಲಿ ಎಮ್ಮೆ ನಂಬಿತು, ನಾವು ಆ ನಂಬಿಕೆಯನ್ನು ದಿನಕ್ಕೆರಡು ಹೊತ್ತು ಹಿಂಡಿಕೊಂಡೆವು. ಅದರ ಬಗ್ಗೆ ಯಾರೂ ಬರೆದಂತಿಲ್ಲ.

ಒಂದು ವರ್ಷ ಚಂದ್ರಿ ಗಂಡುಕರು ಹಾಕಿದಳು. ಹತ್ತೇ ದಿನ ಇತ್ತು. ಹೊಟ್ಟೆ ಕೆಟ್ಟು ಒಂದು ಬೆಳಿಗ್ಗೆ ಕಾಲು ಚಾಚಿ ಮಲಗಿದ್ದು ಏಳಲೇ ಇಲ್ಲ. ಎತ್ತಲು ಹೋದರೆ ನನ್ನ ಕೈಗೆ ಮಣಿಯಲಿಲ್ಲ, ಅಷ್ಟು ಭಾರವಿತ್ತು. ಚಂದ್ರಿ ಎರಡು ದಿನ ಒದರಿದಳು. ಅವ್ವ ಚರಿಗೆ ಹಿಡಿದು ಕೂತರೆ ಕೆಚ್ಚಲಿಗೆ ಹಾಲು ಇಳಿಸುತ್ತಿರಲಿಲ್ಲ. ನಮ್ಮ ಕಡೆ ಹಾಲು ಇಳಿಸುವುದಕ್ಕೆ ಸೊರ ಬಿಡುವುದು ಎನ್ನುತ್ತಾರೆ. ಕರು ಬಾಯಿ ಹಾಕಿದರೆ, ಇಲ್ಲವೇ ಎದುರಿಗೆ ನಿಂತರೆ ಮಾತ್ರ ಎಮ್ಮೆ ಸೊರ ಬಿಡುತ್ತದೆ. ಹಾಲು ಕೊಡದ ಎಮ್ಮೆಗೆ ಮನೆಯಲ್ಲಿ ಮೇವಿಲ್ಲ, ಹಾರೂಗೇರಿಯ ಸಂತೆಯೇ ಗತಿ ಎಂಬುದು ನನಗೂ ಗೊತ್ತಿತ್ತು. ಅಪ್ಪ ಆಗಲೇ ಒಬ್ಬ ವ್ಯಾಪಾರಿಯ ಹೆಸರು ಎತ್ತಿದ್ದ. ಆಗ ಆಯಿ, ಅಪ್ಪನ ತಾಯಿ, ತೊಗಲಿನ ಕೆಲಸ ಬಲ್ಲ ಮಾರುತಿ ಕಾಕಾನನ್ನು ಕರೆಸಿದಳು. ಅವನು ಹಿತ್ತಲಲ್ಲಿ ಕರುವಿನ ಚರ್ಮವನ್ನು ತಲೆಸಹಿತ ಬಿಡಿಸಿ, ಉಪ್ಪು ತಿಕ್ಕಿ ಒಣಗಿಸಿ, ಒಳಗೆ ಹೊಟ್ಟು ತುಂಬಿ ಹೊಲಿದ. ಕಾಲುಗಳಿಗೆ ಜಾಲಿ ಕಟ್ಟಿಗೆ ಇಟ್ಟ. ಕಣ್ಣಿನ ತೂತುಗಳನ್ನು ಸಣ್ಣ ಹೊಲಿಗೆ ಹಾಕಿ ಮುಚ್ಚಿದ. ಇದು ನಮ್ಮೂರಿನಲ್ಲಿ ಹೊಸದೇನಲ್ಲ, ಕರು ಸತ್ತ ಮನೆಗಳಲ್ಲಿ ಮಾಡುತ್ತಿದ್ದದ್ದೇ. ಅದನ್ನು ಹೊತ್ತೊಯ್ದು ಚಂದ್ರಿಯ ಮುಂದೆ ನಿಲ್ಲಿಸುವ ಕೆಲಸ ನನಗೆ ಬಂತು. ಎತ್ತಿದರೆ ಹತ್ತಿಯ ಹಾಗೆ ಮೇಲೆ ಬಂತು. ನಾಲ್ಕು ದಿನದ ಹಿಂದೆ ಎತ್ತಲಾಗದೆ ಬಿಟ್ಟದ್ದೇ ಇದು ಎಂದು ಕೈಗಳು ಒಪ್ಪಲಿಲ್ಲ.

"ಹೆಗಲಮ್ಯಾಲೆ ಹೊತ್ಕೊಂಡ ಬರಬ್ಯಾಡಲೇ. ನಡಿಸಿಕೊಂಡ ಬಾ," ಎಂದಳು ಆಯಿ.

"ಅದು ನಡಿಯಂಗಿಲ್ಲಲ್ಲ ಆಯಿ."

"ನೀ ನಡಿಸಿದರ ನಡಿತೈತಿ. ಆಕಿ ನೋಡಾಕತ್ತಾಳ, ಸುಮ್ಮ ಬಾ."

ಒಳಗಿನಿಂದ ಅಕ್ಕ ಕೂಗಿದಳು. ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಆ ವರ್ಷವಷ್ಟೇ ಸಾಲಿ ಬಿಡಿಸಿದ್ದರು. ನನ್ನನ್ನು ಮನೆಯಲ್ಲಿ ಬಾಳ್ಯಾ ಎನ್ನುತ್ತಿದ್ದರು.

"ಆಯಿ, ಅದರ ಕಾಲಾಗ ಜಾಲಿ ಕಟಗಿ ಐತಿ. ಬಾಳ್ಯಾಗಿಂತ ಅದ ಚಂದ ನಡಿತೈತಿ ತಗೋ."

ಒಂದು ಕೈ ಕುತ್ತಿಗೆಗೆ, ಒಂದು ಕೈ ಬಾಲದ ಬುಡಕ್ಕೆ ಕೊಟ್ಟು, ಮುಂದಿನ ಕಾಲು ಹಿಂದಿನ ಕಾಲು ತೂಗಿಸುತ್ತ ಕಾಳಿನ ಕೋಣೆಯಿಂದ ಪಡಸಾಲೆ ದಾಟಿ, ಮೆಟ್ಟಿಲಿಳಿಸಿ ಚಂದ್ರಿಯ ಮುಂದೆ ತರುವುದನ್ನು ನಾನು ಎರಡೇ ದಿನದಲ್ಲಿ ಕಲಿತೆ. ಹಾಸುಗಲ್ಲಿನ ಮೇಲೆ ಟೊಕ್ ಟೊಕ್ ಎಂದು ಸದ್ದಾಗುತ್ತಿತ್ತು. ಆಯಿ ಅದರ ಬೆನ್ನಿಗೆ ಉಪ್ಪುನೀರು ಸವರುತ್ತಿದ್ದಳು. ಚಂದ್ರಿ ಕೋಡು ಅಳೆದುಕೊಂಡು ತಲೆ ಹೊರಳಿಸಿ, ಮೂಸಿ, ನೆಕ್ಕತೊಡಗುತ್ತಿದ್ದಳು. ಅವ್ವನ ಚರಿಗೆಯಲ್ಲಿ ಹಾಲಿನ ಧಾರೆ ಮೊದಲು ಲೋಹದ ಮೇಲೆ, ಆಮೇಲೆ ನೊರೆಯೊಳಗೆ ಸದ್ದು ಮಾಡುತ್ತಿತ್ತು. ಮುಗಿದ ಮೇಲೆ ಹಾಗೆಯೇ ನಡೆಸಿಕೊಂಡು ಒಳಗೆ ಒಯ್ಯಬೇಕು. ಅದರ ಮುಂದೆ ಸತ್ತದ್ದು ಎನ್ನಬಾರದು. "ಬಾ ಮಗಾ, ಹೋಗೂಣು" ಎಂದೇ ಕರೆಯಬೇಕು. ಇವೆಲ್ಲ ಆಯಿಯ ಕಟ್ಟಳೆಗಳು. ಬೇರೆ ಮನೆಯವರು ಹೊಟ್ಟಿನ ಕರುವನ್ನು ಕಂಕುಳಲ್ಲಿ ಇರುಕಿಕೊಂಡು ತಂದು ಒಗೆಯುತ್ತಿದ್ದರಂತೆ.

ಅವ್ವ ಮಾತ್ರ ಹಾಲು ಹಿಂಡುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಆ ಹಾಲಿನ ಚಹಾ ಕುಡಿಯುವುದನ್ನೂ ಬಿಟ್ಟಳು. ನನಗೂ ಅಕ್ಕನಿಗೂ ನಡುವೆ ಒಂದು ಕೂಸು ಹುಟ್ಟಿ ತೀರಿಹೋಗಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಮಜ್ಜಿಗೆ ಸುರಿದುಕೊಳ್ಳುತ್ತ ಕೆದಕಿದ.

"ದನಕ್ಕ ಏನ ತಿಳಿತೈತಿ. ಉಪ್ಪ ಹತ್ತಿದ ತೊಗಲಾ ನೆಕ್ಕತೈತಿ, ಅಷ್ಟ. ನೀ ಯಾಕ ಉಪಾಸ ಬೀಳತಿ?"

"ಆಕಿಗೆ ತಿಳದೈತಿ," ಎಂದಳು ಅವ್ವ. "ತಿಳದ ಕೊಡಾಕತ್ತಾಳ. ಅದಕ್ಕ ನನಗ ಸೇರವಲ್ದು."

"ತಾಯಿ ಕಣ್ಣಿಗೆ ಹೊಟ್ಟ ಕಾಣಂಗಿಲ್ಲ ಬಿಡ," ಎಂದು ಆಯಿ ನಡುವೆ ಬಾಯಿ ಹಾಕಿದಳು.

"ಕಾಣತೈತ್ರಿ ಅತ್ತಿ," ಎಂದು ಅವ್ವ ತಾಟು ಎತ್ತಿಕೊಂಡು ಒಳಗೆ ಹೋದಳು. ಕಟ್ಟೆಯಾಚೆ ಚಂದ್ರಿ ಮೆಲುಕು ನಿಲ್ಲಿಸಿದಂತೆ ನೆನಪು. ಇದು ನಂತರ ಹೊಲಿದ ದಾರವಿರಬೇಕು.

ಬದುಕಿದ ಕರು ದಿನದಿನಕ್ಕೆ ಬೆಳೆಯುತ್ತದೆ. ಇದು ಸಣ್ಣದಾಗುತ್ತಿತ್ತು. ಹೊಲಿಗೆಯ ಸಂದಿನಿಂದ ಹೊಟ್ಟು ಉದುರಿ ಪಕ್ಕೆ ಒಳಸೇರಿತು, ಚಂದ್ರಿ ನೆಕ್ಕಿದ ಕಡೆ ಕೂದಲು ಹೋಗಿ ಚರ್ಮ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಿವಿಯೊಂದು ಕಾಣೆಯಾಯಿತು. ಆದರೂ ಚಂದ್ರಿಯ ನಾಲಗೆ ಅದೇ ಕ್ರಮದಲ್ಲಿ ಓಡುತ್ತಿತ್ತು, ಮೊದಲು ಹಣೆ, ಆಮೇಲೆ ಕಿವಿಯ ಜಾಗ, ಆಮೇಲೆ ಬೆನ್ನು. ಕಿವಿ ಇಲ್ಲದ ಕಡೆಯೂ ನಾಲಗೆ ಕಿವಿಯಷ್ಟೇ ಹೊತ್ತು ನಿಲ್ಲುತ್ತಿತ್ತು. ಮಧ್ಯಾಹ್ನ ಸಾಲಿಯಿಂದ ಊಟಕ್ಕೆ ಬಂದ ದಿನಗಳಲ್ಲಿ ಕಾಳಿನ ಕೋಣೆಯಿಂದ ಸಣ್ಣ ಸದ್ದು ಕೇಳುತ್ತಿತ್ತು. ಹೊಟ್ಟಿನೊಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಇಲಿ ಎಂದ ಅಪ್ಪ. ನಾನೂ ಇಲಿ ಎಂದೇ ತಿಳಿದೆ. ಈಗಲೂ ಇಲಿ ಎಂದೇ ಹೇಳುತ್ತೇನೆ.

ಇದೆಲ್ಲ ಮುಗಿದುಹೋದ ಆ ದಿನ ನಾನು ಊಟಕ್ಕೆ ಮನೆಗೆ ಬಂದಿರಲಿಲ್ಲ. ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ, ಸಾಲಿಯ ಬೇವಿನ ಮರದ ಕೆಳಗೆ ತಿಂದೆ. ಸಂಜೆ ನಾಲ್ಕೂವರೆಗೆ ಬಂದಾಗ ದನದ ಅಂಕಣದಲ್ಲಿ ಮನೆಯವರೆಲ್ಲ ನಿಂತಿದ್ದರು. ಅವ್ವ ಮೊದಲು ಹೊಲದಿಂದ ಬಂದಿದ್ದಳು, ಅವಳ ಹಿಂದೆ ಅಪ್ಪ, ಆಯಿ. ಅಕ್ಕ ಮೆಟ್ಟಿಲ ಮೇಲಿದ್ದಳು. ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ. ಚಂದ್ರಿಯ ಮುಂದೆ ಕರು ನಿಂತಿತ್ತು. ನಾಲ್ಕೂ ಕಾಲಿನ ಮೇಲೆ, ಯಾರ ಕೈಯ ಆಸರೆಯೂ ಇಲ್ಲದೆ. ಅದನ್ನು ಆಸರೆಯಿಲ್ಲದೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ಬಲ್ಲವನು ನಾನೊಬ್ಬನೇ. ಚಂದ್ರಿ ಅದರ ಹಣೆ ನೆಕ್ಕುತ್ತಿದ್ದಳು. ಅವಳ ಮೊಲೆಗಳಿಂದ ಹಾಲು ತಾನಾಗಿ ತೊಟ್ಟಿಕ್ಕಿ ಹಾಸುಗಲ್ಲಿನ ಸಂದಿಯಲ್ಲಿ ಹರಿದು ಕರುವಿನ ಕಟ್ಟಿಗೆಯ ಕಾಲುಗಳವರೆಗೆ ಬಂದಿತ್ತು.

ಎಲ್ಲಿದ್ದೆ ಎಂದು ಅವ್ವ ಅಕ್ಕನನ್ನು ಕೇಳಿದಳು. ಅಕ್ಕ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ ಎಂದಳು. ಆಮೇಲೆ ಕರು ತಂದವನು ನೀನೇನು ಎಂದು ನನ್ನನ್ನು ಕೇಳಿದರು. ನಾ ಅಲ್ಲ ಎಂದೆ. ಆಯಿ ಕರುವನ್ನೇ ನೋಡುತ್ತ ಹೇಳಿದಳು.

"ಯಾರೂ ತಂದಿಲ್ಲಂದ್ರ ಆಕಿ ಕರದಾಳ, ಅದು ಬಂದೈತಿ. ಸತ್ತದ್ದನ್ನ ಕರಿಯೂ ಎಮ್ಮಿ ಮನ್ಯಾಗ ಇರಬಾರದು. ಇವತ್ತ ಇದನ್ನ ಕರದಾಳು, ನಾಳೆ ಮತ್ತ ಯಾರನ್ನ? ಈ ಮನ್ಯಾಗ ಸತ್ತವರೇನ ಕಡಿಮಿ ಅದಾರು?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಂದ್ರಿ ಹೋಗುತ್ತಾಳೆ ಎಂಬುದು ನನಗೆ ಆಗ ಅರ್ಥವಾಯಿತು. ಹಾಲು ಕೊಡದಿದ್ದರೆ ಮಾರುತ್ತಾರೆಂದು ಹೆದರಿ ಇಷ್ಟು ದಿನ ಕರುವನ್ನು ನಡೆಸಿದ್ದೆ, ಈಗ ಹಾಲು ಕೊಟ್ಟದ್ದಕ್ಕೇ ಹೋಗುವವಳಿದ್ದಳು. ಅಪ್ಪ ನನ್ನ ರಟ್ಟೆ ಹಿಡಿದು ಗ್ವಾದಲಿಯ ಹಿಂದೆ ಒಯ್ದ. ಅವನು ಬೈಯುತ್ತಾನೆಂದುಕೊಂಡೆ. ಅವನ ದನಿ ಮೆತ್ತಗಿತ್ತು.

"ನಾ ತಂದೇನಿ ಅಂತ ಹೇಳು. ಎರಡ ಏಟ ಬೀಳತಾವು, ಎಮ್ಮಿ ಉಳಿತೈತಿ."

"ನಾ ತಂದಿಲ್ಲಪ್ಪಾ."

"ತಂದಿಲ್ಲಂತ ನನಗೂ ಗೊತ್ತೈತಿ. ಎಮ್ಮಿ ಸಲುವಾಗಿ ಹೇಳು."

"ಸುಳ್ಳ ಹೇಳಂತಿ ಏನ?"

ಅಪ್ಪ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಸಿಟ್ಟಲ್ಲ. ತನ್ನ ಮನೆಯಲ್ಲಿ ಯಾರೋ ಬೇರೆಯವರ ಮಗ ನಿಂತಿದ್ದಾನೆ ಎಂಬಂತೆ.

"ಭಾರಿ ಶ್ಯಾಣ್ಯಾ ಆಗಿ ನೋಡ ನೀ," ಎಂದು ರಟ್ಟೆ ಬಿಟ್ಟ.

ಆಯಿ ಜಗಲಿಯ ಮುಂದೆ ದೀಪ ಹಚ್ಚಿ ಭಂಡಾರದ ಬಟ್ಟಲು ತಂದಳು. ದೇವರ ಅರಿಶಿನ ಮುಟ್ಟಿ ಸುಳ್ಳು ಹೇಳಿದವರ ಕೈಗೆ ಹುಳ ಬೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಪ್ಪ ಅಕ್ಕನಿಗೂ ಮುಟ್ಟಿಸು ಎಂದ. ಮದುವೆಯಾಗದ ಹೆಣ್ಣಿಗೆ ಆಣೆ ಹಾಕಿಸಬಾರದು, ಹೋದ ಮನೆಗೆ ಅದು ಬೆನ್ನು ಹತ್ತುತ್ತದೆ ಎಂದು ಆಯಿ ಒಪ್ಪಲಿಲ್ಲ. ಬಟ್ಟಲು ನನ್ನ ಮುಂದೆ ಬಂತು.

"ಈ ಕರಾ ಇವತ್ತ ಎಮ್ಮಿ ಮುಂದ ತಂದಾಂವ ನೀ ಏನು?"

ಐದೂ ಬೆರಳು ಭಂಡಾರದಲ್ಲಿ ಊರಿದೆ. ಅಪ್ಪ ನನ್ನ ಬೆನ್ನ ಹಿಂದೆ ನಿಂತಿದ್ದ, ಅವನ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಒಂದು ಶಬ್ದ ಸಾಕಿತ್ತು. ನಾನು ಅಲ್ಲ ಎಂದೆ.

ಮರುದಿನ ಬೆಳಿಗ್ಗೆ ಅಪ್ಪ ಕರುವನ್ನು ಕೃಷ್ಣೆಗೆ ಒಯ್ದ. ಹೊಟ್ಟು ತುಂಬಿದ್ದರಿಂದ ಬಹಳ ದೂರ ಮುಳುಗದೆ ಹೋಯಿತಂತೆ. ಕಾಲು ಕೆಳಗಾಗಿ, ತಲೆ ಮೇಲಾಗಿ, ಈಜುವ ಹಾಗೆ. ಅಪ್ಪ ಇದನ್ನು ಒಂದೇ ಸಲ ಹೇಳಿದ, ಮತ್ತೆ ಕೇಳಿದರೆ ಹೇಳಲಿಲ್ಲ. ಸಂಜೆಯೊಳಗೆ ವ್ಯಾಪಾರಿ ಬಂದು ಚಂದ್ರಿಯನ್ನು ಹಾರೂಗೇರಿಯ ದಾರಿ ಹಿಡಿಸಿದ. ಬಾಗಿಲು ದಾಟುವಾಗ ಅವಳು ಕೋಡು ತಾಗದಂತೆ ತಲೆ ಓರೆ ಮಾಡಿದಳು. ಆಗ ಅವಳ ಒಂದು ಕಣ್ಣು ಪಡಸಾಲೆಯ ಕಡೆಗೆ ಬಂತು. ನಾನು ಕಂಬದ ಹಿಂದೆ ಸರಿದೆ. ಆ ಮನೆಗೆ ಮತ್ತೆ ಎಮ್ಮೆ ತರಲಿಲ್ಲ, ಎತ್ತುಗಳಷ್ಟೇ ಉಳಿದವು.

ಓಣಿಯಲ್ಲಿ ನನಗೆ ಹೆಸರು ಬಂತು. ಬಾಳ್ಯಾ ಅಂದರೆ ಖರೆ ಹೇಳುವ ಹುಡುಗ, ಮನೆಯ ಎಮ್ಮೆ ಹೋದರೂ ಸುಳ್ಳು ಹೇಳದವನು. ಆ ಹೆಸರಿನ ಮೇಲೆ ನಾನು ಮುಂದಿನ ಬದುಕನ್ನೆಲ್ಲ ಕಟ್ಟಿದೆ. ಪುರಾವೆ ಕೇಳುವವನಾದೆ. ಕಾಲೇಜುಗಳಲ್ಲಿ ಸಹೋದ್ಯೋಗಿಗಳೊಂದಿಗೆ, ಮನೆಯಲ್ಲಿ ಹೆಂಡತಿಯೊಂದಿಗೆ, ಒಂದು ಮೆತ್ತಗಿನ ಸುಳ್ಳಿನಿಂದ ಮುಗಿಯಬಹುದಾದ ಜಗಳಗಳಲ್ಲಿ ನಾನು ಆ ಬಟ್ಟಲಿನ ಮುಂದೆ ನಿಂತ ಹಾಗೆಯೇ ನಿಂತೆ. ಪ್ರತಿ ಸಲವೂ ಏನೋ ಒಂದು ಹೊರಟು ಹೋಯಿತು. ನಾನು ಖರೆ ಹೇಳಿದ್ದೆ ಎಂಬ ಸಮಾಧಾನ ಉಳಿಯಿತು.

ಕಳೆದ ಬೇಸಿಗೆಯಲ್ಲಿ ಅಥಣಿಯ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಅವರದು ದ್ರಾಕ್ಷಿ ತೋಟದ ಮನೆ. ಮಧ್ಯಾಹ್ನ ಅಕ್ಕ ಮೊರದಲ್ಲಿ ಒಣದ್ರಾಕ್ಷಿ ಆರಿಸುತ್ತ ಕೂತಿದ್ದಳು. ಅಪ್ಪ, ಅವ್ವ, ಆಯಿ ಯಾರೂ ಈಗಿಲ್ಲ. ಈ ಅಧ್ಯಾಯ ಬರೆಯುತ್ತಿದ್ದೇನೆ, ಆ ದಿನದ್ದು ನಿನಗೆ ಏನು ನೆನಪಿದೆ ಎಂದು ಕೇಳಿದೆ. ಸಂಶೋಧಕನ ಹಾಗೆ, ನನ್ನದನ್ನು ಮೊದಲು ಹೇಳದೆ ಕೇಳಿದೆ. ಅವಳು ಕಡ್ಡಿಯೊಂದನ್ನು ಆರಿಸಿ ಒಗೆದಳು.

"ನೀನ ತಂದಿದ್ದಿ ಅಲ್ಲೋ."

ನಾನು ನಕ್ಕೆ. ಅವಳು ನಗಲಿಲ್ಲ.

"ಮಧ್ಯಾಹ್ನ ಬಂದಿ. ನಾ ಬೆಳಕಿಂಡ್ಯಾಗಿಂದ ನೋಡೇನಿ. ಕರಾನ ನಡಿಸಿಕೊಂಡ ಬಂದಿ, ಆಕಿ ಮುಂದ ನಿಲ್ಲಿಸಿದಿ. ಆಮ್ಯಾಲೆ ನೀನೂ ಅದರ ಮಗ್ಗಲಾಗ ಕೈ ಊರಿ ಮಂಡಿಗಾಲಮ್ಯಾಲೆ ನಿಂತಿ, ಕರಾ ನಿಂತಾಂಗ. ಆಕಿ ಒಮ್ಮೆ ಅದನ್ನ ನೆಕ್ಕಿದಳು, ಒಮ್ಮೆ ನಿನ್ನ."

"ಅವತ್ತ ನಾ ಊಟಕ್ಕ ಬಂದಿದ್ದಿಲ್ಲ ಅಕ್ಕಾ."

"ಉಣಲಿಲ್ಲ. ಬಂದಿದ್ದಿ."

ನಾನು ಬೇವಿನ ಮರದ ನೆರಳನ್ನು ನೆನೆದೆ. ನೆನಪು ಸ್ಪಷ್ಟವಾಗಿತ್ತು, ಅತಿ ಸ್ಪಷ್ಟವಾಗಿತ್ತು. ಅಂಥ ನೆನಪನ್ನೇ ನಂಬಬೇಡಿ ಎಂದು ನಾನು ಮೂವತ್ತು ವರ್ಷ ಪಾಠ ಮಾಡಿದ್ದೆ. ಅದರ ಅಡಿಯಲ್ಲಿ ಕತ್ತಿನ ಹಿಂಭಾಗದಲ್ಲಿ ಒರಟಾದ ಒಂದು ಬಿಸಿ ತೇವ ಹಾದುಹೋದಂತಾಯಿತು. ಅದು ಆಗ ನಡೆದದ್ದೋ, ಅಕ್ಕ ಹೇಳಿದ ಮೇಲೆ ಹುಟ್ಟಿದ್ದೋ, ಹೇಳಲಾರೆ.

"ಅಂದ್ರ ನಾ ಸುಳ್ಳ ಆಣಿ ಮಾಡಿದೆ?"

"ತಡಿ, ಮಾತ ಮುಗೀಲಿ. ನೀ ಅದನ್ನ ಹಿಂದ ನಡಿಸಿಕೊಂಡ ಹೋಗಿ ಕಾಳಿನ ಕೋಣ್ಯಾಗ ಇಟ್ಟ ಸಾಲಿಗೆ ಓಡಿದಿ. ಕೊಂಡಿ ಹಾಕೂದ ಮರತಿದ್ದಿ. ನಾ ಕೆಳಗ ಇಳದ ಬಂದ ಹಾಕೇನಿ. ಹಾಕೂಮುಂದ ಒಳಗ ನೋಡೇನಿ. ಜ್ವಾಳದ ಚೀಲದ ಮಗ್ಗಲಾಗ ಇತ್ತು."

ಮೊರದಲ್ಲಿ ಅವಳ ಬೆರಳು ಓಡುತ್ತಲೇ ಇತ್ತು. ನಾನು ಲೆಕ್ಕ ಹಾಕಿದೆ. ಮಧ್ಯಾಹ್ನದ ಮೇಲೆ ಮನೆಗೆ ಮೊದಲು ಬಂದವರು ಯಾರು? ಅವ್ವ. ಅವ್ವನೇ ಇರಬೇಕು. ಎಲ್ಲರಿಗಿಂತ ಮೊದಲು ಹೊಲದಿಂದ ಬಂದವಳು ಅವಳು, ಆ ಹಾಲು ಕುಡಿಯದವಳು, ತಿಳಿದು ಕೊಡುತ್ತಾಳೆ ಎಂದವಳು.

"ಅವ್ವ ತಂದಿರಬೇಕ," ಎಂದೆ.

"ಅವ್ವ ಬಂದ ಒದರಿದ ಕೂಡ್ಲೇ ನಾ ಮಾಳಿಗಿಂದ ಇಳದೆ. ಆಕಿ ಇನ್ನೂ ತಲಿಮ್ಯಾಲಿನ ಬುಟ್ಟಿ ಇಳಿಸಿದ್ದಿಲ್ಲ. ಕಾಲಿಗೆ ಹೊಲದ ಕೆಸರ ಇತ್ತು, ಪಡಸಾಲ್ಯಾಗ ಒಂದ ಹೆಜ್ಜಿ ಇದ್ದಿಲ್ಲ."

"ಮತ್ತ ಕೋಣಿ ಬಾಗಲಾ?"

"ಕೊಂಡಿ ನಾ ಹಾಕಿದಾಂಗ ಇತ್ತು."

ಹೊರಗೆ ತೋಟದಲ್ಲಿ ಯಾರೋ ಪಂಪ್ ಚಾಲು ಮಾಡಿದರು. ಅಕ್ಕ ಮೊರ ಕೊಡವಿ ಕೆಳಗಿಟ್ಟಳು. ನನಗೆ ಬಂದ ಸಿಟ್ಟು ಅರವತ್ತರ ಹತ್ತಿರದವನದ್ದಲ್ಲ.

"ಅವತ್ತ ಯಾಕ ಹೇಳಲಿಲ್ಲ? ಬಾಳ್ಯಾನ ತಂದಾನ ಅಂತ ಒಂದ ಮಾತ ಹೇಳಿದ್ರ ಚಂದ್ರಿ ಉಳೀತಿದ್ದಳು."

"ನೀ ತಂದದ್ದಷ್ಟ ಹೇಳಿದ್ರ ಉಳೀತಿದ್ದಳು. ಕೊಂಡೀದೂ ಹೇಳಿದ್ರ ಉಳೀತಿದ್ದಿಲ್ಲ. ಅರ್ಧಾ ಹೇಳಿ ಅರ್ಧಾ ನುಂಗೂದ ನನಗ ಬರಲಿಲ್ಲ."

"ಇಷ್ಟ ವರ್ಷ ಆತಲ್ಲ. ಒಮ್ಮ್ಯಾದರೂ?"

ಅಕ್ಕ ನನ್ನನ್ನು ನೋಡಿದಳು. ಬಹಳ ಹೊತ್ತು, ಯೋಚಿಸಿ ನೋಡಿದಳು.

"ನಿನ್ನ ಮುಂದ ಭಂಡಾರ ಹಿಡದ ಕೇಳಿದರು, ತಮ್ಮಾ. ಏನ ನೋಡಿದಿ ಅಂತ ನನ್ನ ಯಾರೂ ಕೇಳಲಿಲ್ಲ."